ಸಲಿಂಗಪ್ರೇಮವೂ ಇಂಗ್ಲೆಂಡಿನ ಕ್ರೈಸ್ತ ಸಭೆಯೂ

೧

ಸಲಿಂಗಪ್ರೇಮಿಗಳ ವಿಷಯದಲ್ಲಿಯೂ ಅವರ ವಿವಾಹದ ವಿಷಯದಲ್ಲಿಯೂ ಕ್ರೈಸ್ತಧರ್ಮದ ನಿಲುವೇನೆಂದು ಕೇಳುವವರು ಸಾಮಾನ್ಯವಾಗಿ ಒಂದೇ ಮಾತಿನ ಉತ್ತರವನ್ನು ನಿರೀಕ್ಷಿಸುತ್ತಾರೆ. ಅಂತಹ ಉತ್ತರವನ್ನು ಕೊಡುವುದು ಸಾಧ್ಯವಿಲ್ಲ. ಕ್ರೈಸ್ತಧರ್ಮವು ಅನೇಕ ಸಭೆಗಳಾಗಿ ಹರಡಿಕೊಂಡಿದೆ; ಒಂದೊಂದು ಸಭೆಯೊಳಗೂ ಭಿನ್ನಾಭಿಪ್ರಾಯಗಳಿವೆ; ಒಂದೇ ಸಭೆಯ ಅಭಿಪ್ರಾಯವೂ ಕಾಲದಿಂದ ಕಾಲಕ್ಕೆ ಬದಲಾಗಿದೆ. ಆದುದರಿಂದ ಎಲ್ಲ ಸಭೆಗಳನ್ನೂ ಮೇಲುಮೇಲಾಗಿ ಎಣಿಸುವುದಕ್ಕಿಂತ ಒಂದನ್ನು ಆರಿಸಿಕೊಂಡು, ಅದರಲ್ಲಿ ವಿಚಾರವು ಹೇಗೆ ನಡೆಯಿತೆಂಬುದನ್ನು ಕ್ರಮವಾಗಿ ನೋಡುವುದು ಹೆಚ್ಚು ಫಲಕಾರಿಯೆಂದು ನಾವು ಭಾವಿಸಿದ್ದೇವೆ. ಈ ಲೇಖನಕ್ಕೆ ನಾವು ಆರಿಸಿಕೊಂಡಿರುವುದು ಇಂಗ್ಲೆಂಡಿನ ಸಭೆ, ಎಂದರೆ ಆಂಗ್ಲಿಕನ್ ಸಂಪ್ರದಾಯದ ಮೂಲಸಭೆ. ಇದು ರಾಜ್ಯಾಂಗಕ್ಕೆ ಸಂಬಂಧಿಸಿದ ಸಭೆ. ಇದರ ಕೆಲವು ಬಿಷಪ್ಪರು ಪಾರ್ಲಿಮೆಂಟಿನ ಲಾರ್ಡ್ಸ್ ಸದನದಲ್ಲಿ ಕುಳಿತುಕೊಳ್ಳುತ್ತಾರೆ. ಧರ್ಮ, ನೀತಿ, ಕಾಯಿದೆ ಈ ಮೂರೂ ಒಂದನ್ನೊಂದು ಸಂಧಿಸುವ ಸ್ಥಳವನ್ನು ಇಲ್ಲಿ ಸ್ಪಷ್ಟವಾಗಿ ಕಾಣಬಹುದು.

ನಮ್ಮ ಪ್ರತಿಪಾದನೆಯನ್ನು ಮೊದಲೇ ಹೇಳಿಬಿಡುತ್ತೇವೆ. ಕಳೆದ ಎಪ್ಪತ್ತು ವರ್ಷಗಳಲ್ಲಿ ಈ ಸಭೆಯು ಮುಂದಿಟ್ಟ ಹೆಜ್ಜೆಗಳೆಲ್ಲವೂ ಒಂದೊಂದು ಭೇದಕಲ್ಪನೆಯ ರೂಪವನ್ನು ತಾಳಿವೆ. ಪಾಪ ಬೇರೆ, ಅಪರಾಧ ಬೇರೆ. ವ್ಯಕ್ತಿ ಬೇರೆ, ಕೃತ್ಯ ಬೇರೆ. ಸಾಮಾನ್ಯ ಭಕ್ತರಿಗೆ ಒಂದು ನಿಯಮ, ಗುರುವರ್ಗಕ್ಕೆ ಇನ್ನೊಂದು. ಆಶೀರ್ವಾದ ಬೇರೆ, ವಿವಾಹ ಬೇರೆ. ಒಂದೊಂದು ಭೇದವೂ ಹುಟ್ಟಿದ ಕಾಲದಲ್ಲಿ ಒಂದು ಕಷ್ಟವನ್ನು ಪರಿಹರಿಸಿತು. ಮುಂದೆ ತಾನೇ ಹೊಸ ವಿವಾದಕ್ಕೆ ಮೂಲವಾಯಿತು.

೨

ಮೊದಲು ವಿವಾದದ ಆಧಾರಗ್ರಂಥವನ್ನು ನೋಡಬೇಕು. ಬೈಬಲಿನಲ್ಲಿ ಈ ವಿಷಯಕ್ಕೆ ಸಂಬಂಧಿಸಿದುವೆಂದು ಎಲ್ಲರೂ ಎತ್ತಿಹೇಳುವ ಸ್ಥಳಗಳು ಕೆಲವೇ. ಆದಿಕಾಂಡದ ೧೯ನೆಯ ಅಧ್ಯಾಯದಲ್ಲಿ ಬರುವ ಸೊದೋಮ್ ಪಟ್ಟಣದ ಕಥೆ, ಯಾಜಕಕಾಂಡದ ೧೮ ಮತ್ತು ೨೦ನೆಯ ಅಧ್ಯಾಯಗಳ ನಿಷೇಧಗಳು, ಹೊಸ ಒಡಂಬಡಿಕೆಯಲ್ಲಿ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಮೊದಲನೆಯ ಅಧ್ಯಾಯ, ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ೬ನೆಯ ಅಧ್ಯಾಯ ಮತ್ತು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ ಒಂದು ಪಟ್ಟಿ, ಇವು ಮುಖ್ಯವಾದುವು. ನಾಲ್ಕು ಸುವಾರ್ತೆಗಳಲ್ಲಿ ಯೇಸು ಈ ವಿಷಯವನ್ನು ನೇರವಾಗಿ ಪ್ರಸ್ತಾಪಿಸಿಲ್ಲ. ಆದರೆ ವಿವಾಹವಿಚ್ಛೇದದ ಪ್ರಶ್ನೆ ಬಂದಾಗ ಸೃಷ್ಟಿಯಲ್ಲಿ ಗಂಡುಹೆಣ್ಣುಗಳ ಜೊತೆಯನ್ನು ಆತನು ನೆನಪಿಗೆ ತಂದುಕೊಡುತ್ತಾನೆ.

ಈ ವಾಕ್ಯಗಳನ್ನು ಓದುವುದರಲ್ಲಿ ಎರಡು ಮಾರ್ಗಗಳಿವೆ. ಸಂಪ್ರದಾಯವಾದಿಗಳು ಹೇಳುವುದಿಷ್ಟು: ವಾಕ್ಯಗಳು ಕೆಲವೇ ಆದರೂ ಒಂದೂ ಅನುಕೂಲವಾಗಿಲ್ಲ; ಅವುಗಳ ಹಿಂದೆ ಗಂಡು ಹೆಣ್ಣು ಎಂಬ ಸೃಷ್ಟಿಕ್ರಮದ ಸಿದ್ಧಾಂತವಿದೆ; ಕಾಲ ಬದಲಾದ ಮಾತ್ರಕ್ಕೆ ಅದು ಬದಲಾಗದು. ಇನ್ನೊಂದು ಪಕ್ಷದವರು ಹೇಳುವುದೇನೆಂದರೆ, ಸೊದೋಮಿನವರ ದೋಷ ಅತಿಥಿಗಳ ಮೇಲೆ ಎಸಗಲು ಹೊರಟ ಅತ್ಯಾಚಾರ. ಯೆಹೆಜ್ಕೇಲನ ಗ್ರಂಥದ ೧೬ನೆಯ ಅಧ್ಯಾಯವೇ ಆ ಪಟ್ಟಣದ ಪಾಪವನ್ನು ಗರ್ವವೆಂದೂ ಬಡವರ ಕೈಹಿಡಿಯದ ಸುಖಲೋಲುಪತೆಯೆಂದೂ ಎಣಿಸುತ್ತದೆ. ಪೌಲನು ಕೊರಿಂಥದವರಿಗೆ ಬರೆದಾಗ ಬಳಸಿದ ಎರಡು ಗ್ರೀಕ್ ಪದಗಳ ಅರ್ಥವ್ಯಾಪ್ತಿ ವಿವಾದಗ್ರಸ್ತವಾಗಿದೆ. ಸಮಾನರಾದ ಇಬ್ಬರ ನಡುವಣ ನಿಷ್ಠೆಯುಳ್ಳ ಬಾಳ್ವೆಯು ಅವನ ಮನಸ್ಸಿನಲ್ಲಿರಲಿಲ್ಲ.

ಈ ಎರಡನೆಯ ಬಗೆಯ ವಾಚನಕ್ಕೆ ಇಂಗ್ಲಿಷಿನಲ್ಲಿ ವಿದ್ವತ್ತಿನ ತಳಹದಿಯನ್ನು ಹಾಕಿದವರಲ್ಲಿ ಇಂಗ್ಲೆಂಡಿನ ಸಭೆಯ ಗುರುವಾಗಿದ್ದ ಡೆರಿಕ್ ಶೆರ್ವಿನ್ ಬೇಲಿ ಮುಖ್ಯರು. ಅವರ ಗ್ರಂಥ ೧೯೫೫ರಲ್ಲಿ ಪ್ರಕಟವಾಯಿತು. ಸೊದೋಮಿನ ಕಥೆಯನ್ನು ಕುರಿತ ಅವರ ವಾದವನ್ನು ಅನಂತರದ ವಿದ್ವಾಂಸರು, ಉದಾರಪಕ್ಷದವರನ್ನೂ ಸೇರಿಸಿ, ಪೂರ್ಣವಾಗಿ ಒಪ್ಪಿಲ್ಲ. ಆದರೂ ವಾಕ್ಯವನ್ನು ಉಲ್ಲೇಖಿಸಿದೊಡನೆ ಚರ್ಚೆ ಮುಗಿಯಿತೆಂಬ ಭಾವನೆಯನ್ನು ಹೋಗಲಾಡಿಸಿದ ಕೀರ್ತಿ ಆ ಗ್ರಂಥಕ್ಕೆ ಸಲ್ಲುತ್ತದೆ.

೩

ಪಾಪವು ಅಪರಾಧವಾದುದು ಹೇಗೆ? ಮಧ್ಯಯುಗದ ಇಂಗ್ಲೆಂಡಿನಲ್ಲಿ ಇಂತಹ ದೋಷಗಳ ವಿಚಾರಣೆ ಸಭೆಯ ನ್ಯಾಯಾಲಯಗಳಿಗೆ ಸೇರಿತ್ತು. ಎಂಟನೆಯ ಹೆನ್ರಿಯ ಕಾಲದಲ್ಲಿ, ೧೫೩೩ರ ಶಾಸನದಿಂದ, ಅದು ರಾಜನ ನ್ಯಾಯಾಲಯಕ್ಕೆ ಬಂದು ಮರಣದಂಡನೆಗೆ ಅರ್ಹವಾದ ಅಪರಾಧವಾಯಿತು. ಈ ಅಪರಾಧಕ್ಕಾಗಿ ಇಂಗ್ಲೆಂಡಿನಲ್ಲಿ ಕೊನೆಯ ಸಲ ಇಬ್ಬರನ್ನು ಗಲ್ಲಿಗೇರಿಸಿದ್ದು ೧೮೩೫ರಲ್ಲಿ. ಮರಣದಂಡನೆ ರದ್ದಾದುದು ೧೮೬೧ರಲ್ಲಿ. ೧೮೮೫ರ ಇನ್ನೊಂದು ಶಾಸನವು ಪುರುಷರ ನಡುವಣ ಇತರ ಕೃತ್ಯಗಳನ್ನೂ, ಅವು ಏಕಾಂತದಲ್ಲಿ ನಡೆದರೂ, ಅಪರಾಧಗಳೆಂದು ಮಾಡಿತು. ೧೮೯೫ರಲ್ಲಿ ಸಾಹಿತಿ ಆಸ್ಕರ್ ವೈಲ್ಡ್‌ಗೆ ಎರಡು ವರ್ಷಗಳ ಕಠಿಣ ಸಜೆಯಾದುದು ಈ ಶಾಸನದ ಮೇರೆಗೆ. ಹೆಂಗಸರನ್ನು ಈ ಶಾಸನಗಳು ಮುಟ್ಟಲಿಲ್ಲ.

ಈ ಗಂಟನ್ನು ಬಿಡಿಸುವುದರಲ್ಲಿ ಸಭೆಯೂ ಕೈಗೂಡಿಸಿತೆಂಬುದು ನಮ್ಮ ವಿದ್ಯಾರ್ಥಿಗಳಿಗೆ ಆಶ್ಚರ್ಯವಾಗಿ ತೋರಬಹುದು. ಸಭೆಯ ನೀತಿಕಲ್ಯಾಣ ಮಂಡಲಿಯು ೧೯೫೪ರಲ್ಲಿ ಒಂದು ಕಿರುವರದಿಯನ್ನು ಸಿದ್ಧಪಡಿಸಿ, ವಯಸ್ಕರ ಏಕಾಂತದ ನಡತೆಯು ಪಾಪವಾಗಿದ್ದರೂ ಅದನ್ನು ದಂಡಿಸುವುದು ರಾಜ್ಯದ ಕೆಲಸವಲ್ಲವೆಂದು ಸೂಚಿಸಿತು. ಬೇಲಿಯವರು ಈ ಕಾರ್ಯದಲ್ಲಿ ಪ್ರಮುಖರಾಗಿದ್ದರು. ಅದೇ ವರ್ಷ ಸರಕಾರವು ಜಾನ್ ವುಲ್ಫೆಂಡನ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. ೧೯೫೭ರ ಸೆಪ್ಟೆಂಬರಿನಲ್ಲಿ ಹೊರಬಿದ್ದ ಅದರ ವರದಿಯು, ಇಪ್ಪತ್ತೊಂದು ವರ್ಷ ಮೀರಿದ ಪುರುಷರು ಪರಸ್ಪರ ಒಪ್ಪಿಗೆಯಿಂದ ಏಕಾಂತದಲ್ಲಿ ನಡೆದುಕೊಳ್ಳುವ ರೀತಿಯು ಅಪರಾಧವಾಗಬಾರದೆಂದು ಶಿಫಾರಸು ಮಾಡಿತು. ಆಗಿನ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಜೆಫ್ರಿ ಫಿಷರ್ ಈ ಮುಖ್ಯ ಶಿಫಾರಸನ್ನು ಒಪ್ಪಿದರು. ಅವರ ಉತ್ತರಾಧಿಕಾರಿ ಮೈಕೆಲ್ ರ್‍ಯಾಮ್ಸೆ ೧೯೬೫ರಲ್ಲಿ ಲಾರ್ಡ್ಸ್ ಸದನದಲ್ಲಿ ಸುಧಾರಣೆಯ ಪರವಾಗಿ ಮಾತನಾಡಿದರು. ಕೊನೆಗೆ ೧೯೬೭ರ ಜುಲೈಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಿಗೆ ಕಾಯಿದೆ ಬದಲಾಯಿತು; ಸ್ಕಾಟ್ಲೆಂಡಿಗೆ ೧೯೮೦ರಲ್ಲಿಯೂ ಉತ್ತರ ಐರ್ಲೆಂಡಿಗೆ ೧೯೮೨ರಲ್ಲಿಯೂ ಅದು ವಿಸ್ತರಿಸಿತು.

ರ್‍ಯಾಮ್ಸೆಯವರ ನಿಲುವನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಆ ಕೃತ್ಯವು ಪಾಪವೆಂಬ ವಿಷಯದಲ್ಲಿ ಅವರಿಗೆ ಸಂದೇಹವಿರಲಿಲ್ಲ. ಪಾಪಗಳೆಲ್ಲ ಅಪರಾಧಗಳಾಗಬೇಕಿಲ್ಲವೆಂಬುದೇ ಅವರ ವಾದ. ವ್ಯಭಿಚಾರವು ಪಾಪವಾದರೂ ಇಂಗ್ಲೆಂಡಿನಲ್ಲಿ ಅದಕ್ಕೆ ಸೆರೆಮನೆಯಿಲ್ಲ. ಹಾಗಿರುವಾಗ ಇದೊಂದಕ್ಕೇ ಏಕೆ? ಕಾಯಿದೆಯ ಭಯದಿಂದ ಬೆದರಿಸಿ ಹಣ ಕೀಳುವವರಿಗೆ ಅವಕಾಶವಾಗುತ್ತಿತ್ತು. ಮನಸ್ಸಿನ ಕಷ್ಟವನ್ನು ಗುರುವಿನ ಬಳಿ ಹೇಳಿಕೊಳ್ಳಲೂ ಜನ ಹೆದರುತ್ತಿದ್ದರು. ಸಭೆಯ ಈ ಮೊದಲನೆಯ ಭೇದವು ಸಾವಿರಾರು ಜನರನ್ನು ಸೆರೆಮನೆಯ ಭಯದಿಂದ ಬಿಡಿಸುವುದರಲ್ಲಿ ನೆರವಾಯಿತು. ಆದರೆ ಭಯದಿಂದ ಬಿಡುಗಡೆ ಹೊಂದಿದವರು ಸಭೆಯ ಬಾಗಿಲಿಗೆ ಬಂದು ನಿಂತಾಗ ಅವರಿಗೆ ಏನು ಹೇಳಬೇಕೆಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿರಲಿಲ್ಲ.

೪

ಉತ್ತರವನ್ನು ಹುಡುಕುವ ಪ್ರಯತ್ನದಲ್ಲಿ ಎರಡನೆಯ ಭೇದವು ರೂಪುಗೊಂಡಿತು. ಸಲಿಂಗಾನುರಾಗವು ಆ ವ್ಯಕ್ತಿ ತಾನಾಗಿ ಆರಿಸಿಕೊಂಡುದಲ್ಲ, ಆದುದರಿಂದ ಅದರಲ್ಲಿ ದೋಷವಿಲ್ಲ. ಕೃತ್ಯವಾದರೋ ಅವನ ಇಚ್ಛೆಗೆ ಒಳಪಟ್ಟುದು, ಆದುದರಿಂದ ಅದಕ್ಕೆ ಅವನು ಹೊಣೆ, ಎಂಬ ವಿಚಾರವು ನೆಲೆಗೊಂಡಿತು. ೧೯೭೯ರಲ್ಲಿ ಗ್ಲಾಸ್ಟರಿನ ಬಿಷಪ್ಪರ ನೇತೃತ್ವದ ಸಮಿತಿಯೊಂದು ಇದಕ್ಕಿಂತ ಮುಂದೆ ಹೋಗಿ, ಕೆಲವು ಸಂದರ್ಭಗಳಲ್ಲಿ ನಿಷ್ಠೆಯುಳ್ಳ ಜೋಡಿಬಾಳ್ವೆಯನ್ನು ಒಪ್ಪಬಹುದೆಂಬ ಸೂಚನೆಯನ್ನಿತ್ತಿತು. ಸಭೆ ಅದನ್ನು ಸ್ವೀಕರಿಸಲಿಲ್ಲ. ೧೯೮೭ರ ನವೆಂಬರಿನಲ್ಲಿ ಜನರಲ್ ಸಿನಡ್, ಎಂದರೆ ಬಿಷಪ್ಪರು, ಗುರುವರ್ಗ ಮತ್ತು ಸಾಮಾನ್ಯ ಭಕ್ತರ ಪ್ರತಿನಿಧಿಗಳು ಸೇರಿದ ಮಹಾಮಂಡಲಿಯು, ಇಂತಹ ಕೃತ್ಯಗಳು ಆದರ್ಶಕ್ಕಿಂತ ಕೆಳಗಿನವೆಂದೂ, ಪಶ್ಚಾತ್ತಾಪದ ಕರೆಯಿಂದಲೂ ಅನುಕಂಪದಿಂದಲೂ ಅವನ್ನು ಎದುರಿಸಬೇಕೆಂದೂ ೪೦೩ಕ್ಕೆ ೮ ಮತಗಳಿಂದ ನಿರ್ಣಯಿಸಿತು.

೧೯೯೧ರಲ್ಲಿ ಬಿಷಪ್ ಮಂಡಲಿಯು ಹೊರಡಿಸಿದ ಹೇಳಿಕೆಯು ಮೂರನೆಯ ಭೇದವನ್ನು ತಂದಿತು. ಅಂತಃಸಾಕ್ಷಿಯಾಗಿ ಆಲೋಚಿಸಿ ಸಂಗಾತಿಯೊಡನೆ ನಿಷ್ಠೆಯಿಂದ ಬಾಳುವ ಸಾಮಾನ್ಯ ಭಕ್ತರನ್ನು ಸಭೆಯು ಹೊರದೂಡಬಾರದು. ಆದರೆ ಗುರುದೀಕ್ಷೆ ಪಡೆದವರು ಜನಕ್ಕೆ ಆದರ್ಶರಾಗಬೇಕಾದುದರಿಂದ ಅವರಿಗೆ ಈ ಸ್ವಾತಂತ್ರ್ಯವಿಲ್ಲ. ಒಂದೇ ಕೃತ್ಯಕ್ಕೆ ಎರಡು ಅಳತೆಗೋಲುಗಳೇಕೆಂದು ಎರಡು ಪಕ್ಷದವರೂ ಆಕ್ಷೇಪಿಸಿದರು. ಸಂಪ್ರದಾಯವಾದಿಗಳಿಗೆ ಭಕ್ತರ ವಿಷಯದಲ್ಲಿ ತೋರಿದ ಸಡಿಲತೆ ಹಿಡಿಸಲಿಲ್ಲ. ಉದಾರವಾದಿಗಳಿಗೆ ಗುರುಗಳ ಮೇಲಿನ ಕಟ್ಟು ಹಿಡಿಸಲಿಲ್ಲ.

ರಾಜ್ಯವು ೨೦೦೫ರ ಡಿಸೆಂಬರಿನಿಂದ ಸಲಿಂಗ ಜೋಡಿಗಳಿಗೆ ಕಾನೂನಿನ ಸಹಭಾಗಿತ್ವವನ್ನು ಒದಗಿಸಿದಾಗ ಬಿಷಪ್ಪರು ಕೊಟ್ಟ ಅನುಮತಿ ವಿಚಿತ್ರವಾದುದು. ಗುರುಗಳು ಅಂತಹ ಒಪ್ಪಂದಕ್ಕೆ ಸಹಿ ಹಾಕಬಹುದು. ಆದರೆ ಬ್ರಹ್ಮಚರ್ಯವನ್ನು ಪಾಲಿಸುವ ಭರವಸೆಯನ್ನು ಬಿಷಪ್ಪರಿಗೆ ನೀಡಲು ಸಿದ್ಧರಿರಬೇಕು. ಒಂದೇ ಮನೆಯಲ್ಲಿ ಬಾಳುವ ಇಬ್ಬರು ತಮ್ಮ ಒಳಕೋಣೆಯ ವಿಚಾರದಲ್ಲಿ ಮೇಲಧಿಕಾರಿಗೆ ಉತ್ತರ ಹೇಳಬೇಕಾದ ಈ ಸ್ಥಿತಿಯು ಸಂಬಂಧಪಟ್ಟವರಿಗೆ ಎಷ್ಟು ಕಷ್ಟಕರವಾಗಿದ್ದಿರಬೇಕೆಂಬುದನ್ನು ಊಹಿಸಬಹುದು. ತತ್ತ್ವದಲ್ಲಿ ಸೂಕ್ಷ್ಮವಾಗಿ ಕಾಣುವ ಭೇದವು ಬಾಳಿನಲ್ಲಿ ಎಷ್ಟು ಒರಟಾಗಬಲ್ಲದೆಂಬುದಕ್ಕೆ ಇದು ನಿದರ್ಶನ.

೫

ಇನ್ನು ವಿವಾಹದ ವಿಷಯ. ಇಲ್ಲಿ ಪ್ರಶ್ನೆಯು ಬದಲಾಗುತ್ತದೆಂಬುದನ್ನು ಗಮನಿಸಬೇಕು. ಇಲ್ಲಿಯವರೆಗೆ ಕೇಳಿದುದು ಒಂದು ಕೃತ್ಯವು ತಪ್ಪೇ ಎಂದು. ಇನ್ನು ಕೇಳಬೇಕಾದುದು ವಿವಾಹವೆಂದರೇನು ಎಂದು.

ಇಂಗ್ಲೆಂಡಿನ ಸಭೆಯ ೧೬೬೨ರ ಪ್ರಾರ್ಥನಾಗ್ರಂಥವು ವಿವಾಹಕ್ಕೆ ಮೂರು ಪ್ರಯೋಜನಗಳನ್ನು ಹೇಳುತ್ತದೆ: ಸಂತಾನ, ಕಾಮದ ನಿಯಮನ, ಸುಖದುಃಖಗಳಲ್ಲಿ ಪರಸ್ಪರ ಸಾಂಗತ್ಯ. ಸಂತಾನವು ಮೊದಲನೆಯದಾಗಿರುವವರೆಗೆ ಸಲಿಂಗವಿವಾಹವೆಂಬ ಮಾತೇ ಹುಟ್ಟಲಾರದು. ಆದರೆ ೧೯೩೦ರಲ್ಲಿ ಲ್ಯಾಂಬೆತ್ ಪರಿಷತ್ತು, ಎಂದರೆ ಲೋಕದ ಆಂಗ್ಲಿಕನ್ ಬಿಷಪ್ಪರೆಲ್ಲ ಸುಮಾರು ಹತ್ತು ವರ್ಷಗಳಿಗೊಮ್ಮೆ ಕೂಡುವ ಸಮ್ಮೇಳನವು, ಕೆಲವು ಸಂದರ್ಭಗಳಲ್ಲಿ ದಂಪತಿಗಳು ಸಂತಾನನಿರೋಧದ ಉಪಾಯಗಳನ್ನು ಅನುಸರಿಸಬಹುದೆಂದು ಒಪ್ಪಿತು. ೨೦೦೨ರಲ್ಲಿ ಇಂಗ್ಲೆಂಡಿನ ಸಿನಡ್, ವಿಚ್ಛೇದಿತರು ಹಿಂದಿನ ಸಂಗಾತಿ ಬದುಕಿರುವಾಗಲೇ ದೇವಾಲಯದಲ್ಲಿ ಮರುಮದುವೆಯಾಗಲು ವಿಶೇಷ ಸಂದರ್ಭಗಳಲ್ಲಿ ಅವಕಾಶ ಕೊಟ್ಟಿತು. ಉದಾರವಾದಿಗಳು ಈ ಎರಡು ಉದಾಹರಣೆಗಳನ್ನು ಹಿಡಿದು, ಮೂರನೆಯ ಪ್ರಯೋಜನವಾದ ಸಾಂಗತ್ಯವೇ ಈಗ ವಿವಾಹದ ತಿರುಳಾಗಿದೆಯೆಂದೂ, ಅದು ಇಬ್ಬರು ಪುರುಷರಲ್ಲಿ ಅಥವಾ ಇಬ್ಬರು ಸ್ತ್ರೀಯರಲ್ಲಿ ಇರಲಾರದೆಂದು ಹೇಳಲು ಕಾರಣವಿಲ್ಲವೆಂದೂ ವಾದಿಸುತ್ತಾರೆ. ಸಂಪ್ರದಾಯವಾದಿಗಳು, ಆ ಬದಲಾವಣೆಗಳು ಗಂಡುಹೆಣ್ಣುಗಳ ಸಂಬಂಧದ ಒಳಗೆ ನಡೆದುವು, ಅದರ ಮೇರೆಯನ್ನು ದಾಟಲಿಲ್ಲ ಎಂದು ಉತ್ತರಿಸುತ್ತಾರೆ. ಎರಡು ವಾದಗಳಿಗೂ ಬಲವಿದೆಯೆಂದು ನಾವು ಒಪ್ಪಬೇಕು.

೨೦೧೩ರಲ್ಲಿ ಪಾರ್ಲಿಮೆಂಟು ಸಲಿಂಗವಿವಾಹದ ಶಾಸನವನ್ನು ಅಂಗೀಕರಿಸಿತು. ೨೦೧೪ರ ಮಾರ್ಚಿಯಲ್ಲಿ ಮೊದಲ ಮದುವೆಗಳು ನಡೆದುವು. ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ಲಾರ್ಡ್ಸ್ ಸದನದಲ್ಲಿ ಇದನ್ನು ವಿರೋಧಿಸಿದರು. ಸಭೆಯ ಗುರುಗಳಿಗೆ ಇಂತಹ ಮದುವೆಯನ್ನು ನಡೆಸುವ ಹೊಣೆ ಬೀಳದಂತೆ ಶಾಸನದಲ್ಲಿಯೇ ನಾಲ್ಕು ರಕ್ಷಣೆಗಳನ್ನು ಸೇರಿಸಲಾಯಿತು. ಇದರ ಪರಿಣಾಮವು ಗಂಭೀರವಾದುದು. ಸಾವಿರ ವರ್ಷಗಳಿಗಿಂತ ಹೆಚ್ಚು ಕಾಲ ಇಂಗ್ಲೆಂಡಿನಲ್ಲಿ ಸಭೆಯ ವಿವಾಹವೂ ದೇಶದ ವಿವಾಹವೂ ಅರ್ಥದಲ್ಲಿ ಬಹುಮಟ್ಟಿಗೆ ಒಂದಾಗಿದ್ದುವು. ಈಗ ಒಂದೇ ಹೆಸರಿನ ಎರಡು ಸಂಸ್ಥೆಗಳು ಬಹಿರಂಗವಾಗಿ ಬೇರ್ಪಟ್ಟುವು.

೬

ಸಭೆಯು ೨೦೨೦ರ ನವೆಂಬರಿನಲ್ಲಿ ಪ್ರೇಮ ಮತ್ತು ವಿಶ್ವಾಸಗಳನ್ನು ಕುರಿತ ಬೃಹತ್ ಅಧ್ಯಯನಗ್ರಂಥವೊಂದನ್ನು ಪ್ರಕಟಿಸಿ ದೇಶದ ಪ್ಯಾರಿಷ್‌ಗಳಲ್ಲಿ ಚರ್ಚೆ ನಡೆಸಿತು. ೨೦೨೩ರ ಜನವರಿಯಲ್ಲಿ ಬಿಷಪ್ಪರು, ಸಲಿಂಗಪ್ರೇಮಿಗಳನ್ನು ಸಭೆಯು ತಿರಸ್ಕರಿಸಿ ಹೊರಗಿಟ್ಟ ರೀತಿಗಾಗಿ ಬಹಿರಂಗವಾಗಿ ಕ್ಷಮೆ ಕೇಳಿದರು. ಅದೇ ಸಮಯದಲ್ಲಿ, ವಿವಾಹದ ಸಿದ್ಧಾಂತವು ಬದಲಾಗುವುದಿಲ್ಲ, ಆದರೆ ಜೋಡಿಗಳಿಗಾಗಿ ಕೃತಜ್ಞತೆ ಮತ್ತು ಆಶೀರ್ವಾದದ ಪ್ರಾರ್ಥನೆಗಳನ್ನು ಮಾಡಬಹುದು ಎಂಬ ಪ್ರಸ್ತಾಪವನ್ನು ಮುಂದಿಟ್ಟರು. ಫೆಬ್ರವರಿ ೯ರಂದು ಸಿನಡ್ ಅದನ್ನು ಸ್ವಾಗತಿಸಿತು. ಬಿಷಪ್ಪರಲ್ಲಿ ೩೬ ಮಂದಿ ಪರ, ೪ ಮಂದಿ ವಿರೋಧ. ಗುರುವರ್ಗದಲ್ಲಿ ೧೧೧ಕ್ಕೆ ೮೫. ಸಾಮಾನ್ಯ ಭಕ್ತರಲ್ಲಿ ೧೦೩ಕ್ಕೆ ೯೨. ೧೯೮೭ರ ೪೦೩ಕ್ಕೆ ೮ ಎಂಬ ಸಂಖ್ಯೆಯ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ ಒಂದು ತಲೆಮಾರಿನಲ್ಲಿ ಆದ ಪರಿವರ್ತನೆಯೂ ತಿಳಿಯುತ್ತದೆ, ಬಿರುಕಿನ ಅಗಲವೂ ತಿಳಿಯುತ್ತದೆ.

೨೦೨೩ರ ಡಿಸೆಂಬರ್ ೧೭ರಿಂದ ಈ ಪ್ರಾರ್ಥನೆಗಳು ನಿತ್ಯದ ಆರಾಧನೆಯ ಅಂಗವಾಗಿ ಬಳಕೆಗೆ ಬಂದುವು. ಮರುದಿನವೇ ರೋಮಿನ ಕಥೋಲಿಕ ಧರ್ಮಸಭೆಯು, ಮದುವೆಯ ವಿಧಿಯನ್ನು ಹೋಲದ ರೀತಿಯಲ್ಲಿ ಇಂತಹ ಜೋಡಿಗಳನ್ನು ಗುರುಗಳು ಆಶೀರ್ವದಿಸಬಹುದೆಂಬ ಘೋಷಣೆಯನ್ನು ಹೊರಡಿಸಿದುದು ಸ್ಮರಣೀಯ. ಎರಡು ಸಭೆಗಳೂ ಆಶೀರ್ವಾದ ಬೇರೆ, ವಿವಾಹ ಬೇರೆ ಎಂಬ ಒಂದೇ ಭೇದವನ್ನು ಆಶ್ರಯಿಸಿದುವು. ಇದಕ್ಕೆ ಬಂದ ಆಕ್ಷೇಪಗಳೂ ಎರಡು ದಿಕ್ಕಿನವು: ಪಾಪವನ್ನು ಆಶೀರ್ವದಿಸಲಾಗದೆಂದು ಒಬ್ಬರು, ಆಶೀರ್ವಾದಕ್ಕೆ ಯೋಗ್ಯವಾದುದು ವಿವಾಹಕ್ಕೆ ಏಕೆ ಯೋಗ್ಯವಲ್ಲವೆಂದು ಇನ್ನೊಬ್ಬರು. ೨೦೨೫ರ ಅಕ್ಟೋಬರಿನಲ್ಲಿ ಬಿಷಪ್ ಮಂಡಲಿಯು, ಈ ಪ್ರಾರ್ಥನೆಗಳಿಗಾಗಿಯೇ ಪ್ರತ್ಯೇಕ ಆರಾಧನೆ ನಡೆಯಬೇಕಾದರೆ ಸಿನಡಿನ ಮೂರು ಸದನಗಳಲ್ಲಿಯೂ ಮೂರನೆಯ ಎರಡು ಪಾಲಿನ ಬಹುಮತ ಬೇಕಾಗುವ ಪೂರ್ಣ ಕ್ರಮವನ್ನು ಅನುಸರಿಸಬೇಕೆಂದು ತಿಳಿಸಿತು. ಇತರ ಕೆಲವು ಸಭೆಗಳು ಈ ನಡುವೆ ಭೇದವನ್ನೇ ಕೈಬಿಟ್ಟು ಸಲಿಂಗವಿವಾಹಕ್ಕೆ ಅನುಮತಿಯಿತ್ತಿವೆ: ಅಮೆರಿಕದ ಎಪಿಸ್ಕೋಪಲ್ ಸಭೆ ೨೦೧೫ರಲ್ಲಿ, ಸ್ಕಾಟಿಷ್ ಎಪಿಸ್ಕೋಪಲ್ ಸಭೆ ೨೦೧೭ರಲ್ಲಿ, ಬ್ರಿಟನ್ನಿನ ಮೆಥಡಿಸ್ಟ್ ಸಭೆ ೨೦೨೧ರಲ್ಲಿ, ಸ್ಕಾಟ್ಲೆಂಡಿನ ಸಭೆ ೨೦೨೨ರಲ್ಲಿ.

೭

ಇಂಗ್ಲೆಂಡಿನ ಸಭೆ ಹಿಂಜರಿಯುವುದಕ್ಕೆ ಒಂದು ಕಾರಣ ಅದರ ಹೊರಗಿದೆ. ಅದರಿಂದ ಹುಟ್ಟಿದ ಆಂಗ್ಲಿಕನ್ ಸಭೆಗಳ ಒಕ್ಕೂಟದಲ್ಲಿ ಇಂದು ಬಹುಸಂಖ್ಯಾತರು ಆಫ್ರಿಕದವರು. ೧೯೯೮ರ ಲ್ಯಾಂಬೆತ್ ಪರಿಷತ್ತು, ಸಲಿಂಗಕೃತ್ಯವು ಶಾಸ್ತ್ರಕ್ಕೆ ಹೊಂದುವುದಿಲ್ಲವೆಂಬ ನಿರ್ಣಯವನ್ನು ೫೨೬ಕ್ಕೆ ೭೦ ಮತಗಳಿಂದ ಅಂಗೀಕರಿಸಿತು. ಅದೇ ನಿರ್ಣಯವು ಸಲಿಂಗಪ್ರೇಮಿಗಳ ಅನುಭವಕ್ಕೆ ಕಿವಿಗೊಡಬೇಕೆಂದೂ ಅವರ ಬಗೆಗಿನ ಅಕಾರಣ ಭಯವನ್ನು ಖಂಡಿಸಬೇಕೆಂದೂ ಹೇಳಿತು. ನಿರ್ಣಯದ ಪೂರ್ವಾರ್ಧವನ್ನು ಒಂದು ಪಕ್ಷವೂ ಉತ್ತರಾರ್ಧವನ್ನು ಇನ್ನೊಂದು ಪಕ್ಷವೂ ಅಂದಿನಿಂದ ಉದ್ಧರಿಸುತ್ತ ಬಂದಿವೆ. ೨೦೦೩ರ ನವೆಂಬರಿನಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಷೈರಿನಲ್ಲಿ, ಪುರುಷ ಸಂಗಾತಿಯೊಡನೆ ಬಹಿರಂಗವಾಗಿ ಬಾಳುತ್ತಿದ್ದ ಜೀನ್ ರಾಬಿನ್ಸನ್ ಬಿಷಪ್ಪರಾಗಿ ಅಭಿಷಿಕ್ತರಾದಾಗ ಒಕ್ಕೂಟವು ಒಡೆಯುವ ಸ್ಥಿತಿಗೆ ಬಂದಿತು. ೨೦೨೩ರ ಫೆಬ್ರವರಿಯಲ್ಲಿ ಆಶೀರ್ವಾದದ ನಿರ್ಣಯವಾದ ಮೇಲೆ ಜಾಗತಿಕ ದಕ್ಷಿಣದ ಹಲವು ಪ್ರಾಂತಗಳ ಮುಖ್ಯ ಬಿಷಪ್ಪರು, ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರ ಅಗ್ರಸ್ಥಾನವನ್ನು ತಾವು ಇನ್ನು ಮಾನ್ಯಮಾಡುವುದಿಲ್ಲವೆಂದು ಸಾರಿದರು.

ಇದನ್ನು ಹಿಂದುಳಿದವರ ಹಟವೆಂದು ತಳ್ಳಿಹಾಕುವುದು ಅನ್ಯಾಯ. ಉಗಾಂಡದ ಸಭೆಯ ನೆನಪಿನಲ್ಲಿ ೧೮೮೬ರ ಹುತಾತ್ಮರಿದ್ದಾರೆ. ಆಸ್ಥಾನದ ಆ ತರುಣರು ರಾಜ ಮ್ವಾಂಗನ ಕಾಮಕ್ಕೆ ಒಳಗಾಗಲು ಒಪ್ಪದೆ ಪ್ರಾಣ ತೆತ್ತರೆಂದು ಅಲ್ಲಿನ ಭಕ್ತರು ನಂಬುತ್ತಾರೆ. ಅವರಿಗೆ ಈ ಪ್ರಶ್ನೆಯು ತಮ್ಮ ವಿಶ್ವಾಸದ ಮೂಲಕ್ಕೇ ಸೇರಿದುದು. ಆದರೆ ೨೦೨೩ರ ಮೇ ತಿಂಗಳಲ್ಲಿ ಉಗಾಂಡದ ಸರಕಾರವು ಸಲಿಂಗಕೃತ್ಯಕ್ಕೆ ಯಾವಜ್ಜೀವ ಸೆರೆಯನ್ನೂ ಕೆಲವು ಸಂದರ್ಭಗಳಲ್ಲಿ ಮರಣದಂಡನೆಯನ್ನೂ ವಿಧಿಸುವ ಶಾಸನವನ್ನು ತಂದಾಗ ಅಲ್ಲಿಯ ಆಂಗ್ಲಿಕನ್ ಆರ್ಚ್‌ಬಿಷಪ್ಪರು ಅದನ್ನು ಸ್ವಾಗತಿಸಿದರು. ವೆಲ್ಬಿಯವರು ಜೂನಿನಲ್ಲಿ ಆ ಬೆಂಬಲವನ್ನು ಹಿಂತೆಗೆದುಕೊಳ್ಳುವಂತೆ ಕೋರಿದರು. ಫಿಷರ್ ಮತ್ತು ರ್‍ಯಾಮ್ಸೆಯವರು ಬಿಡಿಸಿದ ಗಂಟು ಇಲ್ಲಿ ಮತ್ತೆ ಬಿಗಿಯಿತು. ವಿವಾಹವನ್ನು ಕುರಿತ ವಿವಾದದಲ್ಲಿ ಸಭೆಗೆ ಕಾಲಾವಕಾಶವಿರಬಹುದು. ಪಾಪ ಮತ್ತು ಅಪರಾಧಗಳ ಭೇದ ಅಳಿದಲ್ಲಿ ನಷ್ಟವಾಗುವುದು ಮನುಷ್ಯರ ಪ್ರಾಣ.

೮

ಈ ಚರಿತ್ರೆಗೆ ನಮ್ಮ ದೇಶದೊಡನೆ ನಿಜವಾದ ಸಂಬಂಧವಿದೆ. ೧೫೩೩ರ ಇಂಗ್ಲಿಷ್ ಶಾಸನದ ಸಂತತಿಯೇ ೧೮೬೦ರ ಭಾರತೀಯ ದಂಡಸಂಹಿತೆಯ ೩೭೭ನೆಯ ಪ್ರಕರಣ. ಇಂಗ್ಲೆಂಡು ೧೯೬೭ರಲ್ಲಿ ಬಿಟ್ಟುದನ್ನು ನಾವು ೨೦೧೮ರ ಸೆಪ್ಟೆಂಬರ್ ೬ರವರೆಗೆ ಇಟ್ಟುಕೊಂಡಿದ್ದೆವು; ಅಂದು ಸರ್ವೋಚ್ಚ ನ್ಯಾಯಾಲಯವು ವಯಸ್ಕರ ಸಮ್ಮತಿಯ ಕೃತ್ಯಗಳನ್ನು ಆ ಪ್ರಕರಣದಿಂದ ಹೊರತುಪಡಿಸಿತು. ವುಲ್ಫೆಂಡನ್ ವರದಿಯ ಪ್ರಸ್ತಾಪವು ಆ ತೀರ್ಪಿನಲ್ಲಿಯೂ ಬಂದಿದೆ. ೨೦೨೩ರ ಅಕ್ಟೋಬರ್ ೧೭ರಂದು ಅದೇ ನ್ಯಾಯಾಲಯವು ಸಲಿಂಗವಿವಾಹಕ್ಕೆ ಕಾನೂನಿನ ಮಾನ್ಯತೆ ಕೊಡಲು ನಿರಾಕರಿಸಿ, ಅದು ಶಾಸಕಾಂಗದ ಕೆಲಸವೆಂದಿತು. ೧೯೪೭ರ ಸೆಪ್ಟೆಂಬರಿನಲ್ಲಿ ಸ್ಥಾಪಿತವಾದ ದಕ್ಷಿಣ ಭಾರತ ಸಭೆಯು ಇಂದು ಆಂಗ್ಲಿಕನ್ ಒಕ್ಕೂಟದ ಸದಸ್ಯ. ಕರ್ನಾಟಕದಲ್ಲಿ ಅದಕ್ಕೆ ಉತ್ತರ, ಮಧ್ಯ, ದಕ್ಷಿಣ ಎಂಬ ಮೂರು ಬಿಷಪ್ ಪ್ರಾಂತಗಳಿವೆ. ಆದುದರಿಂದ ಕ್ಯಾಂಟರ್ಬರಿಯ ಈ ಚರ್ಚೆಯು ಧಾರವಾಡಕ್ಕೂ ಮಂಗಳೂರಿಗೂ ತೀರ ಹೊರಗಿನದಲ್ಲ.

ಒಟ್ಟಿನಲ್ಲಿ ಹೇಳುವುದಾದರೆ, ಈ ಎಪ್ಪತ್ತು ವರ್ಷಗಳ ವಿಚಾರದಲ್ಲಿ ಮೂರು ಪ್ರಶ್ನೆಗಳು ಹೆಣೆದುಕೊಂಡಿವೆ: ಶಾಸ್ತ್ರವಾಕ್ಯದ ಅರ್ಥವೇನು, ವಿವಾಹದ ತಿರುಳೇನು, ಇವನ್ನು ನಿರ್ಣಯಿಸುವ ಅಧಿಕಾರ ಯಾರದು. ಈ ಮೂರನ್ನು ಬೇರೆಬೇರೆಯಾಗಿ ಎತ್ತಿಕೊಂಡ ಚರ್ಚೆಗಳು ಸ್ವಲ್ಪವಾದರೂ ಮುಂದೆ ಸಾಗಿವೆ. ಒಂದರೊಳಗೊಂದನ್ನು ಬೆರಸಿದ ಚರ್ಚೆಗಳು ಜಗಳಗಳಾಗಿ ಮುಗಿದಿವೆ. ಭೇದಕಲ್ಪನೆಯು ವಿದ್ವಾಂಸರ ಕಸರತ್ತೆಂದು ಹಳಿಯುವವರಿದ್ದಾರೆ. ಒಂದು ಭೇದವು ಜನರನ್ನು ಸೆರೆಮನೆಯಿಂದ ಉಳಿಸಿತು. ಇನ್ನೊಂದು ಅವರ ಒಳಕೋಣೆಗೆ ಕಾವಲು ಹಾಕಿತು. ಆದುದರಿಂದ ಭೇದವು ಎಷ್ಟು ಸೂಕ್ಷ್ಮವೆಂದು ನೋಡಿದರೆ ಸಾಲದು. ಅದರ ಮೇಲೆ ಬಾಳಬೇಕಾದವರಿಗೆ ಅದು ಏನು ಮಾಡುತ್ತದೆಂಬುದನ್ನೂ ನೋಡಬೇಕು. ೧೯೯೮ರ ನಿರ್ಣಯದಲ್ಲಿ ಸಭೆಯು ತಾನೇ ತನಗೆ ವಿಧಿಸಿಕೊಂಡ ಕಿವಿಗೊಡುವ ಕರ್ತವ್ಯದ ಅರ್ಥವೂ ಇದೇ ಎಂದು ನಾವು ತಿಳಿಯುತ್ತೇವೆ.